ಚೌಕಿಯಲ್ಲಿ ನಿನಗೆ ಕೆಲಸವಿದೆ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ಬಿಟ್ಟು ಫೋನನ್ನು ಅಮ್ಮನ ಕೈಗೆ ಕೊಟ್ಟೆ. ಬೇಕರಿಯಲ್ಲೂ ಆ ಹೊತ್ತಿಗೆ ಗಿರಾಕಿಗಳು ಜಾಸ್ತಿ. ನಿಂತು ಸಮಾಧಾನದಿಂದ ಮಾತಾಡಲು ಆಗಲಿಲ್ಲ. ಈಗ ಶಟರ್ ಎಳೆದಾಗಿದೆ, ಹುಡುಗರು ಮಲಗಿದ್ದಾರೆ. ಕೂತು ಬರೆಯುತ್ತಿದ್ದೇನೆ.

ಈ ವರ್ಷ ಮಕ್ಕಳ ಮೇಳದ ಯಕ್ಷಗಾನದಲ್ಲಿ ನಿನಗೆ ವೇಷ ಇಲ್ಲ ಎಂದು ಗುರುಗಳು ಹೇಳಿದರಂತೆ. ಅಭಿಮನ್ಯು ಆ ಆರನೇ ಕ್ಲಾಸಿನ ಹುಡುಗನಿಗೆ ಹೋಯಿತಂತೆ. ನಿನಗೆ ಸಣ್ಣ ಮಕ್ಕಳ ಹೆಜ್ಜೆ ಕ್ಲಾಸು, ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಯ ಕೆಲಸ, ನವರಾತ್ರಿಗೆ ಮನೆ ಮನೆಗೆ ಹೋಗುವ ಹೂವಿನಕೋಲಿನ ತಂಡ. "ನಾನು ಮೇಳ ಬಿಡ್ತೇನೆ ಅಪ್ಪಯ್ಯ" ಅಂದೆಯಲ್ಲ, ಆ ಮಾತು ನನ್ನನ್ನು ರಾತ್ರಿಯಿಡೀ ಕಾಡಿತು.

ಬೇಜಾರಾಗಬೇಡ ಎಂದು ನಾನು ಹೇಳುವುದಿಲ್ಲ. ಬೇಜಾರು ಆಗಲೇಬೇಕು. ರಂಗಸ್ಥಳದ ರುಚಿ ಹತ್ತಿದವರಿಗೆ ಪರದೆಯ ಹಿಂದೆ ನಿಲ್ಲುವುದು ಸುಲಭವಲ್ಲ. ಚಂಡೆಯ ಪೆಟ್ಟು ಬಿದ್ದ ಕೂಡಲೇ ನಿನ್ನ ಕಾಲು ತಾನಾಗಿ ಏಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ನಿನ್ನನ್ನು ಬದಿಗೆ ಸರಿಸಿದ್ದಾರೆ ಎಂದು ನೀನು ತಿಳಿದುಕೊಂಡಿದ್ದೀಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಯಾಕೆಂದು ಹೇಳುತ್ತೇನೆ.

ಯಕ್ಷಗಾನಕ್ಕೆ ಕ್ಲಾಸು, ಸರ್ಟಿಫಿಕೇಟು ಎಲ್ಲ ಬಂದದ್ದು ಇತ್ತೀಚೆಗೆ. ಉಡುಪಿಯ ಯಕ್ಷಗಾನ ಕೇಂದ್ರ ಶುರುವಾದದ್ದೇ 1971ರಲ್ಲಿ. ಅದಕ್ಕೂ ಮುಂಚೆ ಕಲಿಯಬೇಕೆನ್ನುವ ಹುಡುಗ ಮೇಳಕ್ಕೇ ಸೇರಬೇಕಿತ್ತು. ಸೇರಿದವನಿಗೆ ಮೊದಲು ಕೋಡಂಗಿ ವೇಷ. ಮಾತಿಲ್ಲ, ಹೆಚ್ಚಿನ ಬಣ್ಣವಿಲ್ಲ. ನಾಲ್ಕು ಹೆಜ್ಜೆ ಹಾಕಿ ಒಳಗೆ ಬರುವುದು. ಅದು ಪಳಗಿದ ಮೇಲೆ ಬಾಲಗೋಪಾಲ. ಆಮೇಲೆ ಸ್ತ್ರೀವೇಷ. ಆಮೇಲೆ ಪಾತ್ರಗಳು ಗುಂಪಾಗಿ ರಂಗಕ್ಕೆ ಬರುವ ಒಡ್ಡೋಲಗದಲ್ಲಿ ಕೊನೆಯವನಾಗಿ ಒಂದು ಜಾಗ. ಆಟ ನೋಡಲು ಬಂದವರು ಇದನ್ನೆಲ್ಲ ಪೂರ್ವರಂಗ ಎಂದು ನೋಡುತ್ತಾ ಕೂರುತ್ತಾರೆ. ನಿಜವಾಗಿ ಅಲ್ಲಿ ನಡೆಯುತ್ತಿದ್ದದ್ದು ಶಾಲೆ, ಅದೂ ಜನರ ಕಣ್ಣೆದುರಿನಲ್ಲೇ. ವೇಷ ಮುಗಿಸಿದ ಕೋಡಂಗಿ ಹುಡುಗ ಮಲಗುವಂತಿಲ್ಲ. ದೊಡ್ಡವರಿಗೆ ಗೆಜ್ಜೆ ಎತ್ತಿ ಕೊಡಬೇಕು, ಕಸೆ ಸೀರೆಯ ನೆರಿಗೆ ಹಿಡಿಯಬೇಕು, ಪರದೆ ಹಿಡಿಯಬೇಕು. ಹಾಗೆ ಹಿಡಿದುಕೊಂಡೇ ಬೆಳಗಿನ ತನಕ ನೋಡಬೇಕು. ನಮ್ಮ ಬಡಗಿನ, ಅಂದರೆ ಉತ್ತರದ ಶೈಲಿಯ, ದೊಡ್ಡ ದೊಡ್ಡ ವೇಷಧಾರಿಗಳು ಹೀಗೆ ಎದ್ದು ಬಂದವರೇ.

ಮಕ್ಕಳೇ ಸೇರಿ ಇಡೀ ಪ್ರಸಂಗ ಆಡುವ ಮೇಳ ಬಂದಾಗ ಈ ಕ್ರಮ ಸ್ವಲ್ಪ ಬದಲಾಯಿತು. 1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪರು ಮತ್ತು ಎಚ್. ಶ್ರೀಧರ ಹಂದೆಯವರು ಸಾಲಿಗ್ರಾಮ ಮಕ್ಕಳ ಮೇಳ ಕಟ್ಟಿದರು. ಶಾಲೆಗೆ ಹೋಗುವ ಮಕ್ಕಳು ತಲೆಗೆ ಮುಂದಲೆ ಕಟ್ಟಿಕೊಂಡು ಅರ್ಥ, ಅಂದರೆ ಪಾತ್ರದ ಮಾತು, ಹೇಳುವುದು ಆಗ ನಮ್ಮೂರ ಕಡೆಯವರಿಗೆ ದೊಡ್ಡ ಸುದ್ದಿ. ಆಮೇಲೆ ಸುತ್ತಮುತ್ತ ಎಷ್ಟೋ ಊರುಗಳಲ್ಲಿ ಅಂಥ ತಂಡಗಳು ಹುಟ್ಟಿದವು. ನಮ್ಮದೂ ಅದೇ ನೆರಳಿನಲ್ಲಿ ಬೆಳೆದದ್ದು. ದೇವಸ್ಥಾನದ ಪೌಳಿಯಲ್ಲಿ ಭಾನುವಾರದ ಕ್ಲಾಸು, ಊರವರು ಕೊಟ್ಟ ಚಂಡೆ, ಹರಕೆಯವರು ಬಿಟ್ಟುಹೋದ ಗೆಜ್ಜೆ. ಫೀಸು ಅಂತ ಯಾರೂ ಕೇಳಲಿಲ್ಲ, ಇವತ್ತಿಗೂ ಕೇಳುವುದಿಲ್ಲ.

ಆದರೆ ಮಕ್ಕಳ ಮೇಳಕ್ಕೆ ಒಂದು ಕಷ್ಟ ಇದೆ. ದೊಡ್ಡವರ ಮೇಳದಲ್ಲಿ ಕಲಿತವನು ಅಲ್ಲೇ ಉಳಿಯುತ್ತಾನೆ, ತನ್ನ ಹಿಂದಿನವನಿಗೆ ಹೇಳಿಕೊಡುತ್ತಾನೆ. ಮಕ್ಕಳ ಮೇಳದಲ್ಲಿ ಕಲಿತು ಮುಗಿಯುವಷ್ಟರಲ್ಲಿ ಮಗು ದೊಡ್ಡದಾಗಿ ಹೊರಗೆ ಹೋಗಿರುತ್ತದೆ. ಪಿಯುಸಿ, ಕಾಲೇಜು, ಬೆಂಗಳೂರು. ಗುರುಗಳು ಪ್ರತಿ ಜೂನ್‌ನಲ್ಲೂ ಮತ್ತೆ ಏಕತಾಳದಿಂದ ಶುರು ಮಾಡಬೇಕು. ನಮ್ಮ ಗುರುಗಳಿಗೆ ಈಗ ಮೊಣಕಾಲು ನೋವು. ಒಬ್ಬರೇ ಹೆಜ್ಜೆ ತೋರಿಸಿ, ಒಬ್ಬರೇ ಮುಖಕ್ಕೆ ಬಣ್ಣ ಬರೆದು, ಒಬ್ಬರೇ ಹತ್ತು ತಲೆಗೆ ಮುಂಡಾಸು ಸುತ್ತುವುದು ಇನ್ನು ಎಷ್ಟು ಕಾಲ? ಮೇಲಿನವರು ಕೆಳಗಿನವರಿಗೆ ಹೇಳಿಕೊಡದೆ ಹೋದರೆ ಇಂಥ ತಂಡಗಳು ಗುರುಗಳ ಜೊತೆಗೇ ಮುಗಿಯುತ್ತವೆ. ನಮ್ಮ ಸುತ್ತಮುತ್ತ ಹಾಗೆ ಮುಗಿದದ್ದನ್ನು ನಾನು ನೋಡಿದ್ದೇನೆ. ಅವರು ನಿನ್ನನ್ನು ಕೇಳಿದ್ದು ಇದಕ್ಕೆ, ಪುಟ್ಟಿ. ಸುಮ್ನೆ ಏನೋ ಒಂದು ಕೆಲಸ ಹಚ್ಚಬೇಕು ಎಂದಲ್ಲ.

ಮುಂಡಾಸಿನ ವಿಷಯವನ್ನೇ ತೆಗೆದುಕೋ. ನೀನು ಕಟ್ಟಿಸಿಕೊಂಡಿದ್ದೀಯ, ಕಟ್ಟಿಲ್ಲ. ಈಗ ಕೆಲವು ಕಡೆ ಮೊದಲೇ ಕಟ್ಟಿಟ್ಟ ಮುಂದಲೆಯನ್ನು ಟೊಪ್ಪಿಯ ಹಾಗೆ ತಲೆಗೆ ಇಟ್ಟುಬಿಡುತ್ತಾರೆ. ನೋಡಲು ಚೆಂದವೇ ಇರುತ್ತದೆ. ಆದರೆ ಆ ಮಗುವಿನ ತಲೆಗೂ ಮುಖಕ್ಕೂ ಹೊಂದುವ ಹಾಗೆ ಕೂತಿರುವುದಿಲ್ಲ. ಮಗುವನ್ನು ಕೂರಿಸಿ ಕಟ್ಟುವ ಕೇದಗೆ ಮುಂದಲೆಯ ಗತ್ತೇ ಬೇರೆ. ಅದಕ್ಕೆ ಅರ್ಧ ಮುಕ್ಕಾಲು ಗಂಟೆ ಹಿಡಿಯಲಿ, ಪರವಾಗಿಲ್ಲ. ಮೊದಲು ಹಣೆಗೆ ಹಳೆಯ ಹತ್ತಿ ಬಟ್ಟೆ, ಮೆತ್ತಗೆ ಇರುವಂಥದ್ದು. ಅದರ ಮೇಲೆ ಅಟ್ಟೆ. ಆಮೇಲೆ ಬಟ್ಟೆಯ ಸುತ್ತು, ಒಂದರ ಮೇಲೆ ಒಂದು. ಕೊನೆಗೆ ಜರಿಪಟ್ಟಿ. ಪ್ರತಿ ಸುತ್ತಿಗೂ ಮಗುವಿನ ಮುಖ ನೋಡಬೇಕು. ಬಿಗಿ ಜಾಸ್ತಿಯಾದರೆ ಸ್ವಲ್ಪ ಹೊತ್ತಿಗೆ ತಲೆ ಸಿಡಿಯುತ್ತದೆ, ವಾಂತಿ ಬರುತ್ತದೆ. ಹೆದರಿಕೆಗೆ ಮಕ್ಕಳು ಬಾಯಿ ಬಿಟ್ಟು ಹೇಳುವುದಿಲ್ಲ. ಸಡಿಲವಾದರೆ ಮೊಣಕಾಲೂರಿ ಮಂಡಿ ತಿರುಗುವಾಗ ಮುಂದಲೆ ಕಣ್ಣಿನ ಮೇಲೆ ಬರುತ್ತದೆ. ಗಂಟು ಕಿವಿಯ ಮೇಲೆ ಬೀಳಬಾರದು, ಹಿಂದಕ್ಕೆ ಹೋಗಬೇಕು. ಕಟ್ಟಿ ಆದ ಮೇಲೆ ಚೌಕಿಯಲ್ಲೇ ಒಂದು ಸುತ್ತು ಕುಣಿಯಲು ಹೇಳು. ಅಲ್ಲಾಡದಿದ್ದರೆ ಸರಿ. ರಂಗಸ್ಥಳದಲ್ಲಿ ಆ ಹುಡುಗ ಚಪ್ಪಾಳೆ ಗಿಟ್ಟಿಸಿದರೆ ಅದರಲ್ಲಿ ಅರ್ಧ ಈ ಗಂಟಿನದ್ದು.

ಬಣ್ಣದ ಕೆಲಸವೂ ಹಾಗೇ. ಹಳದಿಗೆ ಅರ್ದಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ ಎಲ್ಲ ಗುರುಗಳ ಪೆಟ್ಟಿಗೆಯಲ್ಲಿವೆ. ಕೇಳಿ ಕಲಿತುಕೋ. ಮಕ್ಕಳ ಚರ್ಮ ಎಳೆಯದು. ಬಣ್ಣ ಹಚ್ಚುವ ಮೊದಲು ತೆಂಗಿನೆಣ್ಣೆ ಚೆನ್ನಾಗಿ ಸವರು. ಆಟ ಮುಗಿದ ಮೇಲೂ ಎಣ್ಣೆಯಲ್ಲೇ ತೆಗೆಯಬೇಕು. ಅವಸರಕ್ಕೆ ಸೋಪು ಹಾಕಿ ತಿಕ್ಕಿದರೆ ಎರಡು ದಿನ ಮುಖ ಉರಿಯುತ್ತದೆ.

ಹೆಜ್ಜೆ ಕ್ಲಾಸಿನ ಬಗ್ಗೆ ನಿನಗೆ ನಾನು ಹೇಳಬೇಕಾದ್ದು ಕಡಿಮೆ. ನಾನು ಕೋಡಂಗಿ, ಬಾಲಗೋಪಾಲ ಮಾಡಿ ಬಿಟ್ಟವನು. ಹತ್ತನೇ ಕ್ಲಾಸು ಆದ ಕೂಡಲೇ ದೊಡ್ಡಪ್ಪನ ಜೊತೆ ಬೆಂಗಳೂರಿನ ಬಸ್ಸು ಹತ್ತಿದೆ. ಆದರೂ ನೋಡಿ ನೋಡಿ ಗೊತ್ತಾದದ್ದು ಒಂದೆರಡಿದೆ. ಮಕ್ಕಳಿಗೆ ಮೊದಲು ಕೈಯಲ್ಲಿ ತಾಳ ಬರಲಿ, ಕಾಲು ಆಮೇಲೆ. ಏಕತಾಳದ 4, ರೂಪಕದ 6, ತ್ರಿವುಡೆಯ 7, ಝಂಪೆಯ 10 ಅಕ್ಷರ ಎಂದು ಬಾಯಿಪಾಠ ಒಪ್ಪಿಸುವ ಮಕ್ಕಳು ಬಹಳ. ಕುಣಿತ ಮುಗಿಸುವ ಬಿಡ್ತಿಗೆ ಬಂದಾಗ ಕೈ ಎಲ್ಲಿದೆ ಎಂದು ಗೊತ್ತಿರುವ ಮಕ್ಕಳು ಕಡಿಮೆ. ಮದ್ದಳೆಯವರು ಸಿಗದ ದಿನ ಮೊಬೈಲಿನಲ್ಲಿ ಹಾಡು ಹಾಕಿ ಕುಣಿಸಬೇಡ. ಪದ್ಯ ಹಾಡುವ ಭಾಗವತರು ಒಂದು ದಿನ ಎಳೆಯುತ್ತಾರೆ, ಒಂದು ದಿನ ಓಡಿಸುತ್ತಾರೆ. ಕುಣಿಯುವವನು ಅವರ ಕೈಯ ತಾಳಕ್ಕೆ ಕಿವಿ ಕೊಡಬೇಕು. ರೆಕಾರ್ಡಿಗೆ ಕುಣಿದು ಅಭ್ಯಾಸವಾದವರಿಗೆ ಈ ಕಿವಿ ಬೆಳೆಯುವುದೇ ಇಲ್ಲ. ಬಾಯಿತಾಳ ಹೇಳಿಯೇ ಕುಣಿಸು, ನಿನಗೂ ಒಳ್ಳೆಯದು.

ಇನ್ನೊಂದು ಮಾತು, ಇದನ್ನು ಅಪ್ಪನ ಅಪ್ಪಣೆ ಎಂದೇ ತಿಳಿ. ಸಿಮೆಂಟಿನ ನೆಲದ ಮೇಲೆ ಸಣ್ಣವರಿಗೆ ಮಂಡಿ ಹಾಕಿಸಬೇಡ. ಹಿಂದೆ ಗದ್ದೆಯ ಮಣ್ಣಿನಲ್ಲಿ ಕುಣಿಯುತ್ತಿದ್ದರು, ಮಣ್ಣು ತಡೆದುಕೊಳ್ಳುತ್ತಿತ್ತು. ಈಗ ಜನ ಮಂಡಿ ಎಣಿಸಿ ಸಿಳ್ಳೆ ಹೊಡೆಯುತ್ತಾರೆ ಎಂದು ಎಂಟು ಒಂಬತ್ತು ವರ್ಷದ ಮಕ್ಕಳಿಂದಲೂ ಮಾಡಿಸುತ್ತಾರೆ. ನೋಡಿದರೆ ನನಗೆ ಸಂಕಟವಾಗುತ್ತದೆ. ಗುರುಗಳ ಮೊಣಕಾಲು ನೀನು ನೋಡಿದ್ದೀಯಲ್ಲ.

ಹೂವಿನಕೋಲಿನ ಕೆಲಸ ನಿನಗೆ ಬಂತಲ್ಲ, ನನಗೆ ಅದೇ ಜಾಸ್ತಿ ಖುಷಿ. ನಮ್ಮ ಕುಂದಾಪುರದ ಕಡೆ ನವರಾತ್ರಿ ಎಂದರೆ ಅದು. ಹಿಂದೆ ಐಗಳ ಮಠದ, ಅಂದರೆ ಊರಿನ ಹಳೆಯ ಶಾಲೆಯ, ಗುರುಗಳು ತಮ್ಮ ಮಕ್ಕಳನ್ನು ಕಟ್ಟಿಕೊಂಡು ಮನೆ ಮನೆಗೆ ಹೋಗುತ್ತಿದ್ದರಂತೆ. ಒಬ್ಬ ಭಾಗವತ, ಒಬ್ಬ ಮದ್ದಳೆಯವ, ಎದುರುಬದುರು ಕೂತ ಇಬ್ಬರು ಮಕ್ಕಳು, ಕೈಯಲ್ಲಿ ಹೂ ಕಟ್ಟಿದ ಕೋಲು. ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲೇ ಪ್ರಸಂಗದ ಒಂದು ತುಂಡು, ಅರ್ಥ. ಮನೆಯವರು ಅಕ್ಕಿ, ಕಾಯಿ, ಕಾಣಿಕೆ ಕೊಡುವುದು. ಮಗು ಅರ್ಥ ಹೇಳಲು ಕಲಿಯುತ್ತಿದ್ದದ್ದು ಹೀಗೆ, ಪಕ್ಕದ ಮನೆಯ ಜಗಲಿಯಲ್ಲಿ, ತನ್ನ ಗುರುತಿನವರ ಎದುರು. ನಡುವೆ ಇದು ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಸಾಲಿಗ್ರಾಮದ ಮೇಳದವರು, ಇನ್ನೂ ಕೆಲವರು ಹಿಡಿದು ಎತ್ತಿದರು.

ನಿನ್ನ ತಂಡದ ಮಕ್ಕಳು ಅರ್ಥವನ್ನು ಗಿಣಿಪಾಠ ಒಪ್ಪಿಸದ ಹಾಗೆ ನೋಡಿಕೋ. ಬರೆದು ಕೊಟ್ಟದ್ದು ಇರಲಿ. ಆದರೆ ಅರ್ಜುನ ಯಾಕೆ ಸಿಟ್ಟಾಗಿದ್ದಾನೆ, ಕೃಷ್ಣ ಯಾಕೆ ನಗುತ್ತಾನೆ ಎಂದು ಮೊದಲು ಅವರ ಹತ್ತಿರ ಮಾತಾಡು. ಒಂದು ಸಾಲು ಮರೆತರೆ ತಮ್ಮದೇ ಮಾತಿನಲ್ಲಿ ದಾಟಿಕೊಳ್ಳಲಿ. ಆ ಧೈರ್ಯ ಒಮ್ಮೆ ಬಂದ ಮಗು ಮುಂದೆ ಯಾವ ಸಭೆಗೂ ಹೆದರುವುದಿಲ್ಲ. ಹೆಚ್ಚು ಕೊಡುವ ಮನೆಗೆ ಮೊದಲು, ಕಡಿಮೆ ಕೊಡುವ ಮನೆಗೆ ಆಮೇಲೆ ಎಂಬ ಲೆಕ್ಕ ಬೇಡ. ಸಾಲಾಗಿ ಹೋಗಿ. ತೋಡಿನ ಆಚೆ ಒಬ್ಬರೇ ಇರುವ ಆ ಅಮ್ಮಮ್ಮನ ಮನೆ ಬಿಡಬೇಡಿ. ಅವರಿಗೆ ಪ್ರಸಂಗದ ಪದ್ಯವೆಲ್ಲ ಬಾಯಿಗೆ ಬರುತ್ತದೆ. ತಪ್ಪಿದರೆ ಕೂತಲ್ಲಿಂದಲೇ ತಿದ್ದುತ್ತಾರೆ.

ಇಷ್ಟೆಲ್ಲ ಬರೆದೆ ಎಂದು ಗುರುಗಳು ಮಾಡಿದ್ದೆಲ್ಲ ಸರಿ ಅಂದ ಹಾಗಲ್ಲ. ಹದಿನಾರಕ್ಕೆ ಬಂದ ಹುಡುಗಿಯರನ್ನು ಮೆಲ್ಲಗೆ ರಂಗಸ್ಥಳದಿಂದ ಇಳಿಸುವ ಒಂದು ಅಭ್ಯಾಸ ನಮ್ಮಲ್ಲಿ ಇದೆ. ಹುಡುಗರಿಗೆ ಅದೇ ವಯಸ್ಸಿನಲ್ಲಿ ದೊಡ್ಡ ವೇಷ ಸಿಗುತ್ತದೆ. ಅದು ನನಗೆ ಸರಿ ಕಾಣುವುದಿಲ್ಲ. ಲೀಲಾವತಿ ಬೈಪಾಡಿತ್ತಾಯರು ತೆಂಕಿನ, ಅಂದರೆ ದಕ್ಷಿಣದ ಶೈಲಿಯ, ವೃತ್ತಿ ಮೇಳಗಳಲ್ಲಿ ಭಾಗವತರಾಗಿ ರಾತ್ರಿಯಿಡೀ ಹಾಡಿದವರು, ಗಂಡಸರ ನಡುವೆ ಕೂತು. ಅವರಿಗೆ ಅದನ್ನು ಹೇಳಿಕೊಟ್ಟದ್ದು ಗಂಡ ಹರಿನಾರಾಯಣ ಬೈಪಾಡಿತ್ತಾಯರು. ಈಗ ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಹೈಸ್ಕೂಲುಗಳಲ್ಲೇ ಕಲಿಸುತ್ತದೆ. ಆ ಮಕ್ಕಳ ಪ್ರದರ್ಶನ ನೋಡು, ಎಷ್ಟೊಂದು ಹೆಣ್ಣುಮಕ್ಕಳು ಪುರುಷವೇಷ ಹಾಕಿ ಗತ್ತಿನಲ್ಲಿ ನಿಲ್ಲುತ್ತಾರೆ. ನೀನು ನಿಲ್ಲಬಾರದು ಎಂದು ಎಲ್ಲಿದೆ?

ಹಾಗಾಗಿ ಗುರುಗಳ ಹತ್ತಿರ ನೀನೇ ಕೇಳು. ನಾನು ಫೋನು ಮಾಡಿ ಹೇಳುವುದಿಲ್ಲ. ಮಗುವಿಗೆ ಇಂಥದ್ದೇ ವೇಷ ಬೇಕು ಎಂದು ಹಟ ಹಿಡಿಯುವ ಅಪ್ಪ ಅಮ್ಮಂದಿರಿಂದ ಅವರು ಸಾಕಾಗಿದ್ದಾರೆ. ಕಾಲು ಮುಟ್ಟಿ ನಮಸ್ಕಾರ ಮಾಡಿ, ನೇರವಾಗಿ ಹೇಳು. ಈ ವರ್ಷದ ಕೆಲಸ ಪೂರ್ತಿ ಮಾಡುತ್ತೇನೆ, ಮುಂದಿನ ವರ್ಷ ಬಬ್ರುವಾಹನ ನನಗೆ ಬೇಕು, ಅಷ್ಟರೊಳಗೆ ಅದನ್ನು ಕಲಿಸಿ ಎಂದು. ಭಾನುವಾರ ಮಕ್ಕಳು ಹೋದ ಮೇಲೆ ಅರ್ಧ ಗಂಟೆ ನಿನಗಾಗಿ ಕೊಡಲಿ. ಭಾಗವತಿಕೆಯ ಮೇಲೂ ನಿನಗೆ ಆಸೆ ಇದೆ ಎಂದು ಅಮ್ಮ ಹೇಳಿದಳು. ಅದನ್ನೂ ಬಾಯಿಬಿಟ್ಟು ಹೇಳು. ನಿನ್ನ ಕಂಠ ಅದಕ್ಕೆ ಹೇಳಿ ಮಾಡಿಸಿದ್ದು. ಅಪ್ಪ ಎಂದು ಹೇಳುತ್ತಿಲ್ಲ, ಆಟ ನೋಡಿ ಬೆಳೆದವನಾಗಿ ಹೇಳುತ್ತಿದ್ದೇನೆ.

ಆ ಅಭಿಮನ್ಯು ಹುಡುಗನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ. ಅವನಿಗೆ ಚಕ್ರವ್ಯೂಹದ ಆ ಉದ್ದ ಪದ್ಯದ ಕುಣಿತ ಇನ್ನೂ ಕೂತಿಲ್ಲವಂತೆ. ನಿನ್ನಷ್ಟು ಚೆನ್ನಾಗಿ ಅದು ಗೊತ್ತಿರುವವರು ನಮ್ಮ ಮೇಳದಲ್ಲಿ ಇನ್ನೊಬ್ಬರಿಲ್ಲ. ನೀನು ಹೇಳಿಕೊಟ್ಟರೆ ಅವನು ಗೆದ್ದ. ಅವನ ಅಮ್ಮ ಮೀನು ಮಾರಿ ಬಂದು, ಮಗನನ್ನು ಕ್ಲಾಸಿಗೆ ಬಿಟ್ಟು, ಮುಗಿಯುವ ತನಕ ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತಾಳೆ ಎಂದು ನೀನೇ ಒಮ್ಮೆ ಹೇಳಿದ್ದೆ.

ಚಿಕ್ಕಪೇಟೆಯಲ್ಲಿ ಜರಿಪಟ್ಟಿ ತೆಗೆದಿದ್ದೇನೆ, ಎರಡು ಅಗಲದ್ದು. ಗೆಜ್ಜೆಯ ಕೆಳಗೆ ಕಾಲಿಗೆ ಸುತ್ತಲು ಹತ್ತಿ ಪಟ್ಟಿಯೂ ಇದೆ, ಸಣ್ಣವರ ಕಾಲು ಕೊರೆಯುವುದಿಲ್ಲ. ಹೂವಿನಕೋಲಿನ ಮಕ್ಕಳಿಗೆ ಒಂದು ಡಬ್ಬ ಖಾರ, ಒಂದು ಡಬ್ಬ ಬೆಣ್ಣೆ ಬಿಸ್ಕತ್ತು. ಎಲ್ಲ ಸೇರಿಸಿ ಶನಿವಾರ ರಾತ್ರಿಯ ಬಸ್ಸಿಗೆ ಹಾಕುತ್ತೇನೆ. ಭಾನುವಾರ ಬೆಳಿಗ್ಗೆ ಸಾಲಿಗ್ರಾಮದಲ್ಲಿ ಇಳಿಸುತ್ತಾರೆ, ಕ್ಲಾಸಿಗೆ ಹೋಗುವ ಮೊದಲು ತೆಗೆದುಕೋ. ಆಟದ ದಿನಕ್ಕೆ ನಾನು ಬರುತ್ತೇನೆ, ಅಂಗಡಿ ನಿನ್ನ ಚಿಕ್ಕಪ್ಪ ನೋಡಿಕೊಳ್ಳುತ್ತಾನೆ. ಮಧ್ಯಾಹ್ನವೇ ಬಂದುಬಿಡುತ್ತೇನೆ. ಚೌಕಿಯಲ್ಲಿ ಕೈ ಸಾಲದಿದ್ದರೆ ಹೇಳು, ಗೆಜ್ಜೆ ಕಟ್ಟಲು ನನಗೂ ಬರುತ್ತದೆ.

ಅಜ್ಜಿಯ ಬಿಪಿ ಮಾತ್ರೆ ಮುಗಿಯುತ್ತಾ ಬಂದಿರಬೇಕು, ನೋಡಿ ತಂದುಕೊಡು.

ನಿನ್ನ
ಅಪ್ಪಯ್ಯ