ಗರ್ಭಿಣಿಯರ ಶುಗರ್ ಪರೀಕ್ಷೆಗೆ ಉಪವಾಸ ಬೇಕಿಲ್ಲ

ಮಾನ್ಯರೇ,

ನನ್ನ ಮಗಳು ಏಳು ತಿಂಗಳಿಗೆ ಚೊಚ್ಚಲ ಹೆರಿಗೆಗೆಂದು ಹಾನಗಲ್ ಹತ್ತಿರದ ನಮ್ಮೂರಿಗೆ ಬಂದಳು. ಹೊಟ್ಟೆ ನೋಡಿದವರೆಲ್ಲ ‘ಅವಳಿ ಇರಬೇಕು’ ಅಂದರು. ಸ್ಕ್ಯಾನಿಂಗ್ ಮಾಡಿಸಿದರೆ ಮಗು ಒಂದೇ, ಗರ್ಭದಲ್ಲಿ ಅದರ ಸುತ್ತ ಇರುವ ನೀರು ಜಾಸ್ತಿ. ರಿಪೋರ್ಟಿನಲ್ಲಿ ಎಎಫ್‌ಐ, ಅಂದರೆ ಆ ನೀರಿನ ಅಳತೆ, 27 ಎಂದಿತ್ತು. ಸಾಮಾನ್ಯವಾಗಿ 24 ದಾಟಿದರೆ ಜಾಸ್ತಿ ಅಂತ ಲೆಕ್ಕ. ‘ಎರಡು ವಾರ ಬಿಟ್ಟು ಬನ್ನಿ’ ಎಂದು ಕಳಿಸಿದರು, ಅಷ್ಟೇ. ಅಕ್ಕಪಕ್ಕದವರ ಸಲಹೆ ಶುರುವಾಯಿತು: ನೀರು ಕಡಿಮೆ ಕುಡಿ, ಉಪ್ಪು ಬಿಡು. ಏಪ್ರಿಲ್ ಬಿಸಿಲಲ್ಲಿ ಬಸುರಿಗೆ ಲೋಟ ಲೆಕ್ಕ ಹಾಕಿ ನೀರು ಕೊಡೋಕಾಗುತ್ತಾ?

ಆಮೇಲೆ ಇನ್ನೊಬ್ಬ ಡಾಕ್ಟರಮ್ಮ ಬಿಡಿಸಿ ಹೇಳಿದರು. ತಾಯಿ ಕುಡಿದದ್ದು ಹೋಗಿ ಅಲ್ಲಿ ತುಂಬಿಕೊಳ್ಳುವುದಿಲ್ಲ. ಆ ತಿಂಗಳುಗಳಲ್ಲಿ ಅದು ಬಹುಪಾಲು ಮಗುವಿನ ಮೂತ್ರವೇ. ಮಗು ಅದನ್ನೇ ಕುಡಿಯುತ್ತದೆ, ಮತ್ತೆ ಹೊಯ್ಯುತ್ತದೆ. ತಾಯಿಗೆ ಶುಗರ್ ಏರಿದರೆ ಮಗುವಿಗೂ ಏರಿ ಮೂತ್ರ ಜಾಸ್ತಿಯಾಗುತ್ತದೆ. ಮಗುವಿನ ಅನ್ನನಾಳವೋ ಕರುಳೋ ಕಟ್ಟಿದ್ದರೂ ನೀರು ಒಳಗೆ ಹೋಗದೆ ಹೀಗಾಗಬಹುದು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲವಂತೆ. ಆದರೆ ಶುಗರ್ ನೋಡಲೇಬೇಕು.

ನನಗೆ ಸಿಟ್ಟು ಬಂದಿದ್ದು ಇಲ್ಲೇ. ಮಗಳ ತಾಯಿ ಕಾರ್ಡಿನಲ್ಲಿ ಶುಗರ್ ಬರೆಯುವ ಜಾಗ ಖಾಲಿ. ಸ್ಕ್ಯಾನಿಂಗ್‌ಗೂ ಮೊದಲೇ ಅವಳು ಆ ಪರೀಕ್ಷೆಗೆ ಹೋಗಿದ್ದಳು. ‘ಉಪ್ಪಿಟ್ಟು ತಿಂದು ಬಂದಿದ್ದೀಯಾ? ಖಾಲಿ ಹೊಟ್ಟೇಲಿ ಬಾ’ ಎಂದು ವಾಪಸ್ ಕಳಿಸಿದ್ದರು. ಮುಂದೆ ಅದು ಹಾಗೇ ಉಳಿಯಿತು. ಸರ್ಕಾರದ್ದೇ ಮಾರ್ಗಸೂಚಿ ಏನು ಹೇಳುತ್ತದೆ? ಗರ್ಭಿಣಿ ತಿಂದಿರಲಿ, ಬಿಟ್ಟಿರಲಿ, 75 ಗ್ರಾಂ ಗ್ಲೂಕೋಸ್ ನೀರಲ್ಲಿ ಕಲಸಿ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ನೋಡಬೇಕು. 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಗರ್ಭಿಣಿ ಮಧುಮೇಹ. ಮೊದಲ ತಪಾಸಣೆಯಲ್ಲೊಮ್ಮೆ, ಆಗ ಸರಿಯಿದ್ದರೆ 24ರಿಂದ 28 ವಾರದೊಳಗೆ ಮತ್ತೊಮ್ಮೆ. ಬೆಳಗಿನ ಬಸ್ ಹಿಡಿದು ಬರುವ ಬಸುರಿ ಹಸಿದುಕೊಂಡು ಕೂರಬಾರದು ಅಂತಲೇ ಈ ಪದ್ಧತಿ ಬಂದಿದ್ದು ಅಲ್ವಾ? ಕೊನೆಗೆ ನನ್ನ ಮಗಳಿಗೆ 168 ಬಂತು.

ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ಇರುತ್ತದೆ. ಅವತ್ತು ಬಂದವರಿಗೆ ಅವತ್ತೇ ಈ ಪರೀಕ್ಷೆ ಮುಗಿಸಿ ಕಳಿಸಲು ಆರೋಗ್ಯ ಇಲಾಖೆ ಖಡಕ್ಕಾಗಿ ಹೇಳಬೇಕು.

ಇನ್ನೊಂದು ಮಾತು. ನೀರು ಜಾಸ್ತಿ ಇದ್ದವರಿಗೆ ಮನೆಯಲ್ಲೇ ನೀರು ಒಡೆದರೆ ಹೊಕ್ಕುಳಬಳ್ಳಿ ಮೊದಲು ಜಾರಿ ಬರುವ ಅಪಾಯವಿದೆ. ಓಡಾಡಿಸದೆ ಎಡಮಗ್ಗುಲಿಗೆ ಮಲಗಿಸಿ ತಕ್ಷಣ 108ಕ್ಕೆ ಫೋನ್ ಮಾಡಿ ಎಂದು ಆ ಡಾಕ್ಟರಮ್ಮ ಹೇಳಿದ್ದರು. ಸ್ಕ್ಯಾನಿಂಗ್ ಮಾಡುವವರು ರಿಪೋರ್ಟಿನ ಜೊತೆ ಇಷ್ಟನ್ನು ಕನ್ನಡದಲ್ಲಿ ಬರೆದುಕೊಟ್ಟರೆ ಅವರಿಗೇನು ಖರ್ಚು?

– ಒಬ್ಬ ತಾಯಿ, ಹಾನಗಲ್ ತಾಲ್ಲೂಕು