ಹಳೇ ಹೋಟ್ಲು ಮತ್ತೆ ತೆರೆದಿದೆ, ಕೆಲವರಿಗೆ ಥ್ಯಾಂಕ್ಸ್ ಹೇಳಲಿಕ್ಕುಂಟು

ಕುಂಬಳೆಯಿಂದ ಕಾಸರಗೋಡಿಗೆ ಹೋಗುವ ದಾರಿಯಲ್ಲಿ ನಮ್ಮ ಹೋಟ್ಲು ಮತ್ತೆ ತೆರೆದಿದೆ. ಫೋನ್ ಮಾಡಿ ವಿಚಾರಿಸಿದವರಿಗೆ ಒಬ್ಬೊಬ್ಬರಿಗೇ ಹೇಳಿ ಮುಗಿಯುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅಪ್ಪನ ಆಸ್ಪತ್ರೆ ವಿಷಯ, ಹೆದ್ದಾರಿಗೆ ಹೋದ ಜಾಗದ ಪರಿಹಾರಕ್ಕಾಗಿ ಅಲೆದದ್ದು, ಇದೆಲ್ಲ ನಿಮಗೆ ಗೊತ್ತೇ ಇದೆ. ಮತ್ತೆ ಎತ್ತುವುದಿಲ್ಲ. ಅಪ್ಪ ಈಗ ಬೆಳಗ್ಗೆ ಸ್ವಲ್ಪ ಹೊತ್ತು ಗಲ್ಲೆಯಲ್ಲಿ ಕೂರುತ್ತಾರೆ. ಮಾತು ನಿಧಾನ. ಲೆಕ್ಕ ಮಾತ್ರ ಮೊದಲಿನ ಹಾಗೇ, ಒಂದು ರೂಪಾಯಿ ಆಚೀಚೆ ಆಗುವುದಿಲ್ಲ.

ಒಂದು ಹಳೇ ಹಂಚಿನ ಕಟ್ಟಡಕ್ಕೆ ಇಷ್ಟೆಲ್ಲ ಯಾಕೆ, ಮುಂದೆ ಒಂದು ಕಾಂಕ್ರೀಟ್ ಅಂಗಡಿ ಕಟ್ಟಿದರೆ ಮುಗೀತಲ್ಲ ಅಂತ ಬಹಳ ಜನ ಕೇಳಿದ್ದಾರೆ. ಪ್ರೀತಿಯಿಂದಲೇ ಕೇಳಿದ್ದು. ಆದ್ದರಿಂದ ಹೋಟ್ಲಿನ ಕತೆ ಸ್ವಲ್ಪ ಹೇಳುತ್ತೇನೆ.

ಅಜ್ಜ ಇದನ್ನು ಶುರು ಮಾಡಿದಾಗ ಕಾಸರಗೋಡು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನಮ್ಮ ಕರಾವಳಿಯ ಹುಡುಗರು ಮದ್ರಾಸು, ಬೊಂಬಾಯಿ ಅಂತ ಹೋಗಿ, ಲೋಟ ತೊಳೆಯುವುದರಿಂದ ಶುರು ಮಾಡಿ ಉಡುಪಿ ಹೋಟೆಲು ಕಟ್ಟುತ್ತಿದ್ದ ಕಾಲ ಅದು. ಅಜ್ಜನೂ ಮಾಟುಂಗದ ಒಂದು ಅಡಿಗೆಮನೆಯಲ್ಲಿ ಕೆಲಸ ಕಲಿತವರು. ಆದರೆ ಅಲ್ಲಿ ನಿಲ್ಲಲಿಲ್ಲ, ಊರಿಗೆ ಬಂದರು. 1956ರ ನವೆಂಬರ್ 1ಕ್ಕೆ ನಾವು ಕೇರಳದವರಾದೆವು. ಹೋಟ್ಲು ಇದ್ದಲ್ಲೇ ಇತ್ತು, ಬೋರ್ಡಿನ ಮೇಲೆ ಕನ್ನಡದ ಕೆಳಗೆ ಮಲಯಾಳ ಬಂತು, ಅಷ್ಟೇ. ಮರುವರ್ಷ, 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು. ಅಜ್ಜನ ಆ ವರ್ಷದ ಲೆಕ್ಕದ ಪುಸ್ತಕ ಇನ್ನೂ ನಮ್ಮಲ್ಲುಂಟು. ಒಂದೇ ಪುಟದಲ್ಲಿ ಎಡಕ್ಕೆ ಆಣೆ, ಬಲಕ್ಕೆ ನಯಾಪೈಸೆ. ಒಂದಾಣೆಗೆ ಆರೂಕಾಲು ನಯಾಪೈಸೆ ಆಗುತ್ತದಲ್ವಾ, ಆ ಕಾಲಿನ ಲೆಕ್ಕ ಯಾರಿಗೆ ಬಿಡುವುದು ಅಂತ ದಿನಾ ತಕರಾರು. ಅಜ್ಜ ಗಿರಾಕಿಗೇ ಬಿಟ್ಟಿದ್ದಾರೆ, ಪುಸ್ತಕದಲ್ಲಿ ಕಾಣುತ್ತದೆ.

1967ರಲ್ಲಿ ಮಹಾಜನ ವರದಿ ಬಂದು, ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕು ಎಂದಾಗ ಇಲ್ಲಿಯ ಮೇಜುಗಳಲ್ಲಿ ಚಾ ಆರಿಹೋಗುವಷ್ಟು ವಾದ ನಡೆಯುತ್ತಿತ್ತಂತೆ. ವಾದ ಮಾಡಿದವರೇ ಮರುದಿನ ಎದುರುಬದುರು ಕೂತು ಗೋಳಿಬಜೆ ತಿನ್ನುತ್ತಿದ್ದರು ಅಂತ ಅಪ್ಪ ಹೇಳುತ್ತಾರೆ. ಅದರಲ್ಲಿ ನನಗೇನೂ ಆಶ್ಚರ್ಯ ಇಲ್ಲ. ನಾನು ಕಂಡ ಹೋಟ್ಲೂ ಹಾಗೇ. ಒಂದು ಮೇಜಿನಲ್ಲಿ ತುಳು, ಪಕ್ಕದಲ್ಲಿ ಬ್ಯಾರಿ, ಕಿಟಕಿ ಹತ್ತಿರ ಕೊಂಕಣಿ, ಬಸ್ಸಿಗೆ ಕಾಯುವವರ ಮಲಯಾಳ, ಅಡಿಗೆಮನೆಯಿಂದ ಹವ್ಯಕ. ಸಪ್ತಭಾಷೆಯ ಊರು ಅಂತ ಭಾಷಣದಲ್ಲಿ ಹೇಳುತ್ತಾರಲ್ಲ, ನಾನು ಅದನ್ನು ಕಲಿತದ್ದು ಎಂಜಲು ಲೋಟ ಎತ್ತುತ್ತಾ.

ಆಟದ ದಿನಗಳು ಬೇರೆಯೇ. ಪಾರ್ತಿಸುಬ್ಬನ ಊರು ಕುಂಬಳೆ, ಇಲ್ಲಿ ಯಕ್ಷಗಾನ ನೋಡದ ಮನೆ ಇಲ್ಲ. ದೀಪಾವಳಿ ಕಳೆದ ಮೇಲೆ ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ಮೇಳಗಳ ತಿರುಗಾಟ. ಆಟ ಮುಗಿಸಿದ ಕಲಾವಿದರು ಬೆಳಗಿನ ಜಾವಕ್ಕೆ ಬರುತ್ತಿದ್ದರು. ಮುಖ ತೊಳೆದಿರುತ್ತಾರೆ, ಆದರೆ ಕಿವಿಯ ಹಿಂದೆ ಬಣ್ಣ ಉಳಿದಿರುತ್ತದೆ. ರಾತ್ರಿ ಅಬ್ಬರಿಸಿದ ರಾಕ್ಷಸ ವೇಷದವರು ಸದ್ದಿಲ್ಲದೆ ಎರಡು ಬನ್ಸ್ ತಿಂದು ಕಾಶಿಹಲ್ವ ಉಂಟಾ ಅಂತ ಕೇಳುವುದನ್ನು ನಾನು ಚಿಕ್ಕವಳಿದ್ದಾಗ ಗಲ್ಲೆಯ ಹಿಂದೆ ನಿಂತು ನೋಡುತ್ತಿದ್ದೆ. ಕುಂಬಳೆ ಬೆಡಿಯ, ಅಂದರೆ ದೇವಸ್ಥಾನದ ಜಾತ್ರೆಯ ಸಿಡಿಮದ್ದಿನ ರಾತ್ರಿಯಂತೂ ಒಲೆ ಆರಿಸುವ ಮಾತೇ ಇರಲಿಲ್ಲ.

ಮತ್ತೆ ಚಾಕ್ಕೆ ನೀರು ಕುದಿಸುವ ಆ ಸಮಾವರ್. ಬಂದವರೆಲ್ಲ ಫೋಟೋ ತೆಗೆಯುವುದು ಅದರದ್ದೇ. ಅದರ ತಳದಲ್ಲಿ ಅಜ್ಜ ಹಾಕಿದ ಒಂದು ತಾಮ್ರದ ಕಾಸು ಉಂಟು. ನೀರು ಕುದಿಯುವಾಗ ಅದು ಕಟಕಟ ಎನ್ನುತ್ತದೆ. ಸದ್ದು ಬದಲಾದರೆ ನೀರು ಹಾಕುವ ಹೊತ್ತಾಯಿತು ಅಂತ. ಯಾರೂ ಮುಚ್ಚಳ ತೆಗೆದು ನೋಡುವುದಿಲ್ಲ. ಚಾ ಹೊಡೆಯುವವರು ಗಿರಾಕಿ ಜೊತೆ ಎಷ್ಟು ಮಾತಾಡಿದರೂ ಒಂದು ಕಿವಿ ಅಲ್ಲೇ ಇಟ್ಟಿರುತ್ತಾರೆ.

ಇನ್ನು ರಸ್ತೆ. ರಾಷ್ಟ್ರೀಯ ಹೆದ್ದಾರಿ, ಮೊದಲು ನಂಬರ್ 17, ಈಗ 66. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಆರು ಪಥ ಆಗುವುದಕ್ಕೆ 45 ಮೀಟರ್ ಅಗಲ ಬೇಕು, ಹೆದ್ದಾರಿ ಬದಿಯ ಹೋಟ್ಲು ಹೆದ್ದಾರಿಗೆ ಅಡ್ಡ ಬಂತು. ರಸ್ತೆ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಮಂಗಳೂರಿನ ಆಸ್ಪತ್ರೆಗೆ ಅಪ್ಪನನ್ನು ಕರೆದುಕೊಂಡು ಹೋದವಳು ನಾನು, ರಸ್ತೆಯ ಬೆಲೆ ನನಗೆ ಗೊತ್ತು. ಆದರೆ ಮುಂದಿನ ಜಗಲಿ, ಅರ್ಧ ಹಾಲ್, ಅಜ್ಜ ಕೂರುತ್ತಿದ್ದ ಮರದ ಗಲ್ಲೆಯ ಜಾಗ, ಎಲ್ಲ ಒಂದೇ ಮಧ್ಯಾಹ್ನದಲ್ಲಿ ಹೋಯಿತು. ಹಿಂದಿನ ಅರ್ಧ ಬಾಯಿ ತೆರೆದುಕೊಂಡು ನಿಂತಿತ್ತು. ಅದಕ್ಕೆ ಗೋಡೆ ಕಟ್ಟಿಸುವ ಮೊದಲೇ ಅಪ್ಪ ಬಿದ್ದು ಆಸ್ಪತ್ರೆ ಸೇರಿದರು. ಆಮೇಲೆ ಮಳೆ ಶುರುವಾಯಿತು.

ಈಗ ಆಶಾರಿಯಣ್ಣನ ಬಗ್ಗೆ ಬರೆಯಬೇಕು. ಈ ಬರಹ ಇರುವುದೇ ಅವರಿಗಾಗಿ.

ಅವರು ನಮ್ಮ ಸಂಬಂಧಿಕರಲ್ಲ. ನಮ್ಮಲ್ಲಿ ಕೆಲಸಕ್ಕಿದ್ದವರೂ ಅಲ್ಲ. ಬೆಳಗ್ಗೆ ಏಳು ಗಂಟೆಗೆ ಬಂದು ಒಂದು ಚಾ, ಒಂದು ಬನ್ಸ್, ಪೇಪರ್ ಓದಿ ಹೋಗುವ ಗಿರಾಕಿ. ಮನೆಯಲ್ಲಿ ಮಲಯಾಳ, ನಮ್ಮ ಜೊತೆ ಎರಡೂ ಬೆರೆಸಿದ ಭಾಷೆ. ಮರಗೆಲಸ ಬಿಟ್ಟು ವರ್ಷಗಳಾಗಿತ್ತು, ಮೊಣಕಾಲು ನೋವು.

ಆಟಿ ತಿಂಗಳ ಮಳೆ. ಕರೆಂಟ್ ಇಲ್ಲ. ತಮ್ಮ ಅಪ್ಪನ ಜೊತೆ ಆಸ್ಪತ್ರೆಯಲ್ಲಿ, ಇಲ್ಲಿ ಅಮ್ಮ ಮತ್ತು ನಾನು. ಗಾಳಿ ಬೀಸಿದಾಗಲೆಲ್ಲ ಹಿಂದಿನ ಹಾಲ್‌ನ ಹಂಚಿನ ಮಾಡು ಕೆರ್ ಅಂತ ನರಳುತ್ತಿತ್ತು, ನಮಗೆ ಮನೆಯೊಳಗೆ ಕೇಳುತ್ತಿತ್ತು. ನಾವು ಯಾರಿಗೂ ಫೋನ್ ಮಾಡಿರಲಿಲ್ಲ, ಯಾರನ್ನು ಕರೆಯುವುದು ಆ ಮಳೆಯಲ್ಲಿ? ರಾತ್ರಿ ಹತ್ತು ಕಳೆದ ಮೇಲೆ ಅಂಗಳದಲ್ಲಿ ಟಾರ್ಚ್ ಬೆಳಕು ಕಂಡಿತು. ಆಶಾರಿಯಣ್ಣ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಗೋಣಿಚೀಲ, ಅದರಲ್ಲಿ ಉಳಿ, ಕೊಡತಿ, ಬಾಚಿ. ಸಂಜೆ ಬಸ್ಸಿನಿಂದ ಇಳಿಯುವಾಗ ಮಾಡು ಬಾಗಿದ್ದನ್ನು ನೋಡಿದ್ದರಂತೆ, ನಿದ್ದೆ ಬರಲಿಲ್ಲ ಅಂದರು.

ಒಳಗೆ ಬಂದವರು ಮೊದಲು ಏನೂ ಮುಟ್ಟಲಿಲ್ಲ. ಕಂಬಕ್ಕೆ ಕಿವಿ ಕೊಟ್ಟು ನಿಂತರು. ಒಂದು ಗಾಳಿ ಬಂದು ಹೋಗುವವರೆಗೆ ಕೇಳಿದರು. ಆಮೇಲೆ ಮುಂದಿನ ಕಂಬ. ಹೀಗೆ ನಾಲ್ಕೂ ಕಂಬ ಕೇಳಿ ಆದ ಮೇಲೆ ಅಮ್ಮನ ಹತ್ತಿರ, "ಅಮ್ಮಾ, ಹಿತ್ತಿಲಿನ ಎರಡು ಅಡಿಕೆ ಮರ ಬೇಕು" ಅಂದರು. ಅಮ್ಮ, "ತೋಟವೇ ಕಡಿಯಿರಿ" ಅಂದರು. ಅವರ ಮಗನೂ ಅಳಿಯನೂ ಹಿಂದೆಯೇ ಬಂದಿದ್ದರು. ಮರ ಕಡಿದು, ಕಂಬ ಮಾಡಿ, ತೊಲೆಯ ಅಡಿಗೆ ಕೊಟ್ಟು, ಬುಡಕ್ಕೆ ಬೆಣೆ ಹೊಡೆದರು. ಜೋರಾಗಿ ಅಲ್ಲ. ಒಂದು ಏಟು, ನಿಲ್ಲಿಸಿ ಮೇಲೆ ನೋಡುವುದು, ಮತ್ತೆ ಒಂದು ಏಟು. ಜಾಸ್ತಿ ಹೊಡೆದರೆ ತೊಲೆ ಎತ್ತಿ, ಹಂಚು ಹೊರುವ ಪಕ್ಕಾಸು ಕಳಚಿಕೊಳ್ಳುತ್ತದಂತೆ.

ಎರಡು ಗಂಟೆ ಹೊತ್ತಿಗೆ ಒಂದು ಮೂಲೆಯ ಹಂಚುಗಳು ಜಾರಿ ಒಟ್ಟಿಗೇ ಬಿದ್ದವು. ಆ ಸದ್ದಿಗೆ ನನ್ನ ಕೈಕಾಲು ಸೋತುಹೋಯಿತು. ನೆಲದಲ್ಲೇ ಕೂತುಬಿಟ್ಟೆ. ಅಪ್ಪ ಅಲ್ಲಿ ಹಾಗೆ ಮಲಗಿದ್ದಾರೆ, ಇಲ್ಲಿ ಇದು. ಬೀಳಲಿ ಬಿಡಿ, ಎಲ್ಲ ಬೀಳಲಿ, ನನಗೆ ಸಾಕಾಯ್ತು ಅಂತ ಕಿರುಚಿದೆ. ಅಮ್ಮನ ಎದುರು ಅಷ್ಟು ದಿನ ಹಿಡಿದಿಟ್ಟದ್ದೆಲ್ಲ ಬಂತು. ಇದನ್ನು ಬರೆಯುವಾಗಲೂ ಗಂಟಲು ಕಟ್ಟುತ್ತದೆ, ಸ್ವಲ್ಪ ಎದ್ದು ನೀರು ಕುಡಿದು ಬಂದೆ.

ಆಶಾರಿಯಣ್ಣ ಸಮಾಧಾನದ ಮಾತು ಯಾವುದೂ ಹೇಳಲಿಲ್ಲ. ಟಾರ್ಚ್ ನನ್ನ ಕೈಗೆ ಕೊಟ್ಟು, "ಮೋಳೇ, ಪೇಡಿಕ್ಕಂಡ (ಮಗಳೇ, ಹೆದರಬೇಡ). ಇದನ್ನು ತೊಲೆಗೆ ಹಿಡಿ" ಅಂದರು. ಹಿಡಿದೆ. ಹಲಸಿನ ತೊಲೆ, ಹೊಗೆ ಹಿಡಿದು ಕಪ್ಪಾಗಿದೆ. ಅವರು ಉಳಿಯಿಂದ ಒಂದು ಕಡೆ ಕೆರೆದರು. ಒಳಗೆ ಅರಿಶಿನ ಬಣ್ಣ, ಹೊಸ ಮರದ ಹಾಗೆ. "ಒಳ್ಳೆ ಮರ. ನಿಲ್ಲಿಸಿದರೆ ನಿಲ್ತದೆ." ಇಷ್ಟೇ ಅಂದದ್ದು. ನಾನು ಎದ್ದು ನಿಂತದ್ದು ಆ ಮಾತಿಗೆ. ಬೆಳಗಾಗುವವರೆಗೆ ಟಾರ್ಚ್ ಬಿಡಲಿಲ್ಲ.

ಬೆಳಕಾದ ಮೇಲೆ ಸಮಾವರ್‌ಗೆ ಅವರೇ ಕೆಂಡ ಹಾಕಿದರು. ಅಮ್ಮ ಅಭ್ಯಾಸಬಲದಿಂದ ರಾತ್ರಿ ಬನ್ಸ್‌ಗೆ ಹಿಟ್ಟು ಕಲಸಿಟ್ಟಿದ್ದರು, ಕಳಿತ ಬಾಳೆಹಣ್ಣು, ಮೊಸರು, ಜೀರಿಗೆ ಹಾಕಿ. ಹಿಟ್ಟು ಚೆನ್ನಾಗಿ ಉಬ್ಬಿತ್ತು. ಆ ಬೆಳಗ್ಗೆ ಅಡಿಗೆಮನೆಯಲ್ಲಿ ನಿಂತು ನಾವೆಲ್ಲ ಬನ್ಸ್ ತಿಂದೆವು.

ಆಮೇಲಿನ ಕೆಲಸವೂ ಅವರದ್ದೇ. ಮಳೆ ಬಿಟ್ಟ ಮೇಲೆ ಮಾಡನ್ನು ಪೂರ್ತಿ ಬಿಚ್ಚಿ, ಹಿಂದಕ್ಕೆ ಸರಿಸಿ, ಅದೇ ಮರದಲ್ಲಿ ಮತ್ತೆ ಕಟ್ಟಿದರು. ಒಂದೊಂದು ಪಕ್ಕಾಸಿಗೂ ಸುಣ್ಣದ ಕಡ್ಡಿಯಲ್ಲಿ ಮಲಯಾಳ ಅಕ್ಷರದ ಗುರುತು ಹಾಕಿದರು. ಮೇಸ್ತ್ರಿಗೆ ಮಲಯಾಳ ಓದಲಿಕ್ಕೆ ಬರುವುದಿಲ್ಲ, ಅವರು ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಂಡರು. ಈಗಲೂ ಕೂತು ಮೇಲೆ ನೋಡಿದರೆ ಎರಡೂ ಕಾಣುತ್ತದೆ. ಅಳಿಸಬೇಡಿ ಅಂತ ಪೇಂಟಿನವರಿಗೆ ಹೇಳಿದ್ದೇನೆ. ಒಡೆದ ಹಂಚುಗಳ ಬದಲಿಗೆ ರಸ್ತೆಗೆ ಹೋದ ಬೇರೆ ಮನೆಗಳ ಹಂಚು ಹುಡುಕಿ ತಂದರು, ಕೆಲವದರ ಮೇಲೆ ಬಾಸೆಲ್ ಮಿಷನ್ 1865 ಅಂತ ಅಚ್ಚು ಉಂಟು. ಮಂಗಳೂರಿನ ಹಳೇ ಹಂಚಿನ ಕಾರ್ಖಾನೆಯದ್ದು. ಸಂಬಳ ತೆಗೆದುಕೊಂಡರು, ಎಲ್ಲರ ಹಾಗೇ. ಆ ರಾತ್ರಿಯದ್ದು ಕೊಡಲಿಕ್ಕೆ ಹೋದಾಗ ಮಾತ್ರ ಕೈ ಹಿಂದಕ್ಕೆ ಎಳೆದರು. "ಅದು ಕೆಲಸ ಅಲ್ಲ."

ಆಶಾರಿಯಣ್ಣಾ, ನೀವು ಇದನ್ನು ಓದುವುದಿಲ್ಲ, ನಿಮ್ಮ ಮಗ ಓದಿ ಹೇಳುತ್ತಾನೆ ಅಂತ ಗೊತ್ತು. ನಿಮ್ಮ ಋಣ ತೀರಿಸುವ ಯೋಚನೆ ನನಗಿಲ್ಲ. ಅದು ಇರಲಿ ಅಂತಲೇ ಆಸೆ.

ತನ್ನ ಅಂಗಡಿಯ ಫ್ರಿಜ್‌ನಲ್ಲಿ ನಮಗೆ ಜಾಗ ಕೊಟ್ಟ ತರಕಾರಿ ಇಕ್ಕ, ಅಪ್ಪನಿಗೆ ಊಟ ಕಳಿಸಿದ ಮಂಗಳೂರಿನ ಅತ್ತೆ, ರಕ್ತ ಕೊಟ್ಟ ಹುಡುಗರು, ಸಾಲ ಕೇಳುವ ಮೊದಲೇ ಗಲ್ಫಿನಿಂದ ದುಡ್ಡು ಹಾಕಿದ ನನ್ನ ಕ್ಲಾಸಿನವರು, ತಗಡಿನ ಶೆಡ್ಡಿನಲ್ಲಿ ಬೇಯುತ್ತಾ ದೋಸೆ ಹೊಯ್ದ ನಮ್ಮ ಅಡಿಗೆಯವರು, ಎಲ್ಲರಿಗೂ ಕೈಮುಗಿದಿದ್ದೇನೆ. ನಿಮ್ಮೆಲ್ಲರನ್ನೂ ಒಂದೇ ಸಾಲಿನಲ್ಲಿ ಸೇರಿಸಿದ್ದಕ್ಕೆ ಬೇಜಾರು ಮಾಡಬೇಡಿ, ಬಂದಾಗ ಕೂತು ಮಾತಾಡುವ.

ಬರುವವರಿಗೆ ದಾರಿ ಹೇಳುತ್ತೇನೆ. ಆರು ಪಥದ ರಸ್ತೆಯಿಂದ ನೇರ ನಿಲ್ಲಿಸಲಿಕ್ಕೆ ಆಗುವುದಿಲ್ಲ, ಮೊದಲೇ ಸರ್ವಿಸ್ ರಸ್ತೆಗೆ ಇಳಿಯಬೇಕು. ಮಂಗಳೂರು ಕಡೆಯಿಂದ ಬರುವವರು ಕುಂಬಳೆ ದಾಟಿದ ಕೂಡಲೇ ನಿಧಾನ ಮಾಡಿ. ಬೆಳಗ್ಗೆ ಆರಕ್ಕೆ ತೆರೆಯುತ್ತೇವೆ. ಬನ್ಸ್ ಹತ್ತು ಗಂಟೆಯವರೆಗೆ, ಗೋಳಿಬಜೆ ಮೂರರ ಮೇಲೆ, ಕಾಶಿಹಲ್ವ ಸದ್ಯಕ್ಕೆ ಭಾನುವಾರ ಮಾತ್ರ. ಹಳೇ ಜಗಲಿಯ ಫೋಟೋ ಯಾರ ಹತ್ತಿರವಾದರೂ ಇದ್ದರೆ ತನ್ನಿ, ಮದುವೆ ಆಲ್ಬಂನ ಹಿಂದೆ ಎಲ್ಲೋ ಕಂಡರೂ ಸಾಕು. ನಮ್ಮಲ್ಲಿ ಅದರದ್ದು ಒಂದೂ ಇಲ್ಲ, ಗಲ್ಲೆಯ ಹಿಂದಿನ ಗೋಡೆಯಲ್ಲಿ ಹಾಕಬೇಕು ಅಂತ ಅಪ್ಪ ದಿನಾ ಕೇಳುತ್ತಿದ್ದಾರೆ.