ಕೂಸಿನ ಮನೆಯಲ್ಲಿ ಕೂಸು ನೋಡುವ ಅಕ್ಕ ಬದಲಾಗದಿರಲಿ

ಸಂಪಾದಕರಿಗೆ ನಮಸ್ಕಾರ.

ಕೂಲಿಗೆ ಹೋಗುವ ಅವ್ವಂದಿರ ಚಿಕ್ಕ ಮಕ್ಕಳನ್ನು ಹಗಲು ನೋಡಿಕೊಳ್ಳುವ ಪಂಚಾಯಿತಿಯ ಕೇಂದ್ರ, ಕೂಸಿನ ಮನೆ ಬಗ್ಗೆ ನಾಲ್ಕು ಮಾತು ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಲ್ಲಿತ್ತು. ನಾನು ಸಿಂಧನೂರು ತಾಲ್ಲೂಕಿನವಳು. ಆರೋಗ್ಯ ಇಲಾಖೆಯಲ್ಲಿ ಎಎನ್‌ಎಂ ಆಗಿ ದುಡಿದು ಈಗ ಮನೆಯಲ್ಲಿದ್ದೇನೆ. ಊರಲ್ಲಿ ಈಗಲೂ ನರ್ಸಮ್ಮ ಅಂತಲೇ ಕರೆಯುತ್ತಾರೆ. ಕೂಸಿಗೆ ಮೈ ಬಿಸಿಯಾದರೆ ರಾತ್ರಿ ಹನ್ನೊಂದಾದರೂ ಬಾಗಿಲು ಬಡಿಯುತ್ತಾರೆ. ನಿವೃತ್ತಿ ಅನ್ನೋದು ಆದೇಶದ ಕಾಗದದಲ್ಲಿ ಮಾತ್ರ.

ಮೊದಲೇ ಹೇಳಿಬಿಡುತ್ತೇನೆ, ಯೋಜನೆಯನ್ನು ಬಯ್ಯೋದಕ್ಕೆ ಬರೆಯುತ್ತಿಲ್ಲ. 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುತ್ತೇವೆ ಅಂತ ಸರ್ಕಾರ ಹೇಳಿದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ನಮ್ಮ ಕಡೆ ಇದು ಎಷ್ಟು ಬೇಕಾಗಿತ್ತು ಅನ್ನೋದು ಭತ್ತದ ನಾಟಿ ನೋಡಿದವರಿಗೆ ಗೊತ್ತು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಸಾಕು, ಬೆಳಕು ಹರಿಯುವ ಮೊದಲೇ ಟಂಟಂ ಆಟೊ ತುಂಬ ಹೆಣ್ಣುಮಕ್ಕಳು ಹೊರಡುತ್ತಾರೆ. ನಾಟಿ ಮುಗಿದರೆ ಕಳೆ, ಕಳೆ ಮುಗಿದರೆ ಹತ್ತಿ ಬಿಡಿಸೋದು, ಅದಾದ ಮೇಲೆ ಮೆಣಸಿನಕಾಯಿ. ಕೂಸನ್ನು ಏನು ಮಾಡಬೇಕು? ಬೇವಿನ ಗಿಡಕ್ಕೆ ಸೀರೆಯ ಜೋಲಿ ಕಟ್ಟುತ್ತಾರೆ. ಇಲ್ಲಾಂದ್ರೆ ಮೂರನೇ ಕ್ಲಾಸಿನ ಅಕ್ಕನನ್ನು ಸಾಲಿ ಬಿಡಿಸಿ ತಮ್ಮನ ಕಾವಲಿಗೆ ಕೂರಿಸುತ್ತಾರೆ. ಆ ಅಕ್ಕ ಮತ್ತೆ ಸಾಲಿಗೆ ಹೋದರೆ ಹೋದಳು, ಇಲ್ಲಾಂದ್ರೆ ಇಲ್ಲ.

ಅಂಗನವಾಡಿ ಇದೆಯಲ್ಲ ಅಂತ ಕೇಳುವವರಿದ್ದಾರೆ. ಅಂಗನವಾಡಿಯಲ್ಲಿ ಕೂತು ಕಲಿಯೋದು ಮೂರು ವರ್ಷ ತುಂಬಿದ ಮಕ್ಕಳು. ಅದಕ್ಕಿಂತ ಚಿಕ್ಕ ಕೂಸಿಗೆ ಅಲ್ಲಿಂದ ಆಹಾರದ ಪೊಟ್ಟಣ ಮನೆಗೆ ಬರುತ್ತದೆ, ತೂಕ ನೋಡುತ್ತಾರೆ, ಅಷ್ಟೇ. ಆರು ತಿಂಗಳು ದಾಟಿದ ಕೂಸನ್ನು ಹಗಲೆಲ್ಲ ಎತ್ತಿ ಆಡಿಸುವವರು ಯಾರೂ ಇರಲಿಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲೇ ಒಂದು ಮಾತಿತ್ತು. ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳು ಸೇರಿದರೆ ಅವರನ್ನು ನೋಡಿಕೊಳ್ಳೋಕೆ ಒಬ್ಬಳನ್ನು ಬಿಡಬೇಕು, ಅವಳಿಗೂ ಕೂಲಿ ಕೊಡಬೇಕು ಅಂತ. ನಾನು ಓಡಾಡಿದ ಕೆರೆ ಹೂಳಿನ ಕೆಲಸದಲ್ಲಿ ಮಾತ್ರ ಹಂಗೆ ಬಿಟ್ಟಿದ್ದನ್ನು ಕಂಡಿಲ್ಲ. ಹಾಗಾಗಿ ಕೂಸಿನ ಮನೆ ಬಂದಿದ್ದು ದೊಡ್ಡ ಕೆಲಸವೇ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮೂರ ಕೇಂದ್ರದ ಗೋಡೆ ಮೇಲೆ ಎಲ್ಲವೂ ಇದೆ. ಕೈ ತೊಳೆಯುವ ಚಿತ್ರ, ಲಸಿಕೆ ಪಟ್ಟಿ, ಆನೆ, ನವಿಲು, 108. ಮೂಲೆಯಲ್ಲಿ ಪ್ರಥಮ ಚಿಕಿತ್ಸೆ ಪೆಟ್ಟಿಗೆಯೂ ಇದೆ. ಇಲ್ಲದ್ದು ಒಂದೇ, ಕೂಸನ್ನು ಬಲ್ಲ ಮನುಷ್ಯರು. ಕೇರ್ ಟೇಕರ್ ಅಂತ ಕರೆಯುವ ಈ ಹೆಣ್ಣುಮಕ್ಕಳಿಗೆ ಉದ್ಯೋಗ ಖಾತ್ರಿಯ ಲೆಕ್ಕದಲ್ಲೇ ಕೂಲಿ. ಯೋಜನೆ ಶುರುವಾದಾಗ ಆ ಲೆಕ್ಕ ಒಂದು ಮನೆಗೆ ವರ್ಷಕ್ಕೆ 100 ದಿನ. ದಿನ ಮುಗಿದರೆ ಅವಳು ಹೋದಳು, ಪಟ್ಟಿಯಲ್ಲಿರುವ ಇನ್ನೊಬ್ಬಳು ಬಂದಳು. ಕೂಸು ಈಗಷ್ಟೇ ಇವಳ ಹೆಗಲಿಗೆ ಒಗ್ಗಿಕೊಂಡಿರುತ್ತದೆ, ಅಷ್ಟರಲ್ಲಿ ಹೊಸ ಮುಖ. ಇದನ್ನು ಬರೀ ಅಳುವಿನ ವಿಷಯ ಅಂದುಕೊಳ್ಳಬೇಡಿ. ಜೀವದ ವಿಷಯ ಇದು.

ಹೋದ ಬೇಸಿಗೆಯಲ್ಲಿ ನಾನು ಸುಮ್ನೆ ಆ ಕಡೆ ಹೋಗಿದ್ದೆ. ಮಧ್ಯಾಹ್ನದ ಹೊತ್ತು. ಚಾಪೆಯ ಮೇಲೆ ಹತ್ತು ಹನ್ನೊಂದು ತಿಂಗಳ ಕೂಸೊಂದು ಮಲಗಿತ್ತು. ಕಣ್ಣು ತೆರೆದೇ ಇತ್ತು. ಹೊಸದಾಗಿ ಬಂದ ಹುಡುಗಿ, "ಬಾಳ ಶಾಣ್ಯಾ ಐತ್ರಿ ಕೂಸು, ಮುಂಜಾನಿಂದ ಅಳಂಗೇ ಇಲ್ಲ ನೋಡ್ರಿ" ಅಂದಳು. ಹೊಗಳಿಯೇ ಹೇಳಿದಳು, ಪಾಪ. ನಾನು ಹತ್ತಿರ ಕೂತು ನೋಡಿದೆ. ತುಟಿ ಒಣಗಿತ್ತು, ಕಣ್ಣು ಒಳಗೆ ಇಳಿದಿತ್ತು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಂತು ನಿಧಾನಕ್ಕೆ ಇಳಿಯಿತು. ಬೆಳಗಿನಿಂದ ಎಷ್ಟು ಸಲ ಭೇದಿಯಾಗಿದೆ ಅಂತ ಕೇಳಿದರೆ ಅವಳಿಗೆ ಲೆಕ್ಕ ಇಲ್ಲ, ಉಚ್ಚೆ ಹೊಯ್ದಿದೆಯಾ ಅಂದರೆ ಅದೂ ಗೊತ್ತಿಲ್ಲ. ಓಆರ್‌ಎಸ್ ಕಲಸಿ ಚಮಚದಿಂದ ತೊಟ್ಟು ತೊಟ್ಟಾಗಿ ಕುಡಿಸುತ್ತಲೇ ಆಸ್ಪತ್ರೆಗೆ ಕಳಿಸಿದೆವು. ಕೂಸು ಉಳಿಯಿತು, ಈಗ ಓಡಾಡುತ್ತಿದೆ. ಸಂಜೆ ಕೂಲಿಯಿಂದ ಬಂದ ಕೂಸಿನ ಅವ್ವ ಹೇಳಿದ್ದೇನು ಗೊತ್ತಾ? "ನಮ್ ಕೂಸು ಅಂದ್ರ ಅತ್ತು ಊರೆಲ್ಲ ಒಂದು ಮಾಡತೈತ್ರೀ, ಸುಮ್ನೆ ಬಿದ್ದಿತ್ತಂದ್ರ ಆರಾಮಿಲ್ಲ ಅಂತ ಮೊದಲಿದ್ದ ಅಕ್ಕಗ ತಿಳೀತಿತ್ತು."

ಮೊದಲಿದ್ದ ಅಕ್ಕನಿಗೆ ತಿಳಿಯುತ್ತಿತ್ತು. ನಿಜ. ದಿನಾ ಎತ್ತಿಕೊಂಡವಳಿಗೆ ಕೂಸಿನ ಮೈ ಬಿಸಿ ಥರ್ಮಾಮೀಟರ್‌ಗಿಂತ ಮೊದಲೇ ಗೊತ್ತಾಗುತ್ತದೆ. ಹೊಸಬಳ ತಪ್ಪೂ ಇದರಲ್ಲಿಲ್ಲ, ಅವಳು ಬಂದು ಇನ್ನೂ ಒಂದು ವಾರ ಕಳೆದಿರಲಿಲ್ಲ.

ಭೇದಿಯ ಮಾತೇ ತೆಗೆದುಕೊಳ್ಳಿ. ಓಆರ್‌ಎಸ್ ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು. ಅರ್ಧ ಪ್ಯಾಕೆಟ್ ಒಂದು ಲೋಟಕ್ಕೆ ಸುರಿದರೆ ಉಪ್ಪು ಜಾಸ್ತಿಯಾಗಿ ಕೆಡುಕೇ ಆಗುತ್ತದೆ. ಕಲಸಿದ್ದನ್ನು ಒಂದು ದಿನದ ಮೇಲೆ ಇಡಬಾರದು. ಇದನ್ನು ಯಾರು ಬೇಕಾದರೂ ಕಲಿಯಬಹುದು. ಆದರೆ ಜಿಂಕ್ ಮಾತ್ರೆ 14 ದಿನ ಕೊಡಬೇಕು, ಭೇದಿ ಮೂರನೇ ದಿನಕ್ಕೇ ನಿಂತರೂ ಬಿಡಬಾರದು. ನಡುವೆ ನೋಡುವವಳೇ ಬದಲಾದರೆ ಮಾತ್ರೆ ಎಲ್ಲಿಗೆ ಬಂತು ಅಂತ ಹೇಳುವವರು ಯಾರು? ಅವ್ವ ಬೆಳಕಾಗುವ ಮೊದಲು ಹೋಗಿ ಕತ್ತಲಾದ ಮೇಲೆ ಬರುವವಳು.

ಇನ್ನೊಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡಲ್ಲ. ರಾತ್ರಿ ಜ್ವರ ಬಂದ ಕೂಸಿಗೆ ಬೆಳಿಗ್ಗೆ ಜ್ವರದ ಸಿರಪ್ ಕುಡಿಸಿ ಕೇಂದ್ರಕ್ಕೆ ಬಿಟ್ಟು ಹೋಗುತ್ತಾರೆ. ಬಿಡುವಾಗ ಮೈ ತಣ್ಣಗೆ. ಹನ್ನೊಂದರ ಹೊತ್ತಿಗೆ ಸಿರಪ್ ಇಳಿದು ಜ್ವರ ಏರುತ್ತದೆ. ಅವ್ವನನ್ನು ಬಯ್ಯೋದು ಸುಲಭ. ಆದರೆ ಒಂದು ದಿನ ಹೋಗದಿದ್ದರೆ ಅವಳ ಕೂಲಿ ಹೋಗುತ್ತದೆ, ಗುಂಪಿನ ಮೇಸ್ತ್ರಿ ನಾಳೆ ಬೇರೆಯವಳನ್ನು ಹತ್ತಿಸಿಕೊಳ್ಳುತ್ತಾನೆ. ಮೊದಲಿದ್ದ ಅಕ್ಕ ಇದಕ್ಕೊಂದು ದಾರಿ ಮಾಡಿಕೊಂಡಿದ್ದಳು. ಕೂಸನ್ನು ಕೈಗೆ ತಗೊಳ್ಳುವಾಗಲೇ ಹೊಸ್ತಿಲಲ್ಲಿ ಕೇಳುತ್ತಿದ್ದಳು, ರಾತ್ರಿ ನಿದ್ದೆ ಮಾಡ್ತಾ, ಏನು ಉಣ್ತು, ಹೊಟ್ಟೆ ಸರಿ ಇದೆಯಾ, ಔಷಧಿ ಏನಾದ್ರೂ ಹಾಕಿಯಾ, ಹಾಕಿದ್ದರೆ ಎಷ್ಟೊತ್ತಿಗೆ. ಕೇಳುತ್ತಲೇ ಅಂಗಿ ಎತ್ತಿ ಬೆನ್ನು, ಹೊಟ್ಟೆ ನೋಡುತ್ತಿದ್ದಳು. ಗುಳ್ಳೆ ಕಂಡರೆ ಬೇರೆ ಚಾಪೆ. ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದಳು, ಏಳನೇ ಕ್ಲಾಸ್ ಓದಿದ ಅವಳ ಅಕ್ಷರ ನನ್ನದಕ್ಕಿಂತ ಚೆಂದ. ಆಮೇಲೆ ಬಂದವರಿಗೆ ಆ ನೋಟ್‌ಬುಕ್ ಎಲ್ಲಿದೆ ಅನ್ನೋದೇ ಗೊತ್ತಿಲ್ಲ.

ಅವ್ವಂದಿರು ಸತ್ಯ ಹೇಳೋದೂ ಪರಿಚಯ ಇದ್ದವರಿಗೇ. ಗುರುತಿಲ್ಲದವಳು ಕೇಳಿದರೆ ಎಲ್ಲ ಆರಾಮ ಐತ್ರಿ ಅಂತ ಹೇಳಿ ಟಂಟಂ ಹತ್ತುತ್ತಾರೆ.

ಜ್ವರಕ್ಕೆ ಸೆಳೆತ, ಅಂದರೆ ಫಿಟ್ಸ್ ಬಂದರೆ ನಮ್ಮ ಕಡೆ ಇನ್ನೂ ಕೂಸಿನ ಕೈಗೆ ಕೀಲಿಕೈ ಹಿಡಿಸುತ್ತಾರೆ, ಮೂಗಿಗೆ ಉಳ್ಳಾಗಡ್ಡಿ ಹಿಂಡುತ್ತಾರೆ, ಬಾಯಿಗೆ ಚಮಚ ತುರುಕುತ್ತಾರೆ. ಯಾವುದೂ ಬೇಡ. ಕೂಸನ್ನು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ 108. ಮೊದಲ ಸಲ ಬಂದಿದ್ದರೆ ಬೇಗ ನಿಂತರೂ ಡಾಕ್ಟರಿಗೆ ತೋರಿಸಲೇಬೇಕು. ಇದನ್ನು ತರಬೇತಿಯಲ್ಲಿ ಹೇಳಿರುತ್ತಾರೆ ಅಂದುಕೊಳ್ಳೋಣ. ಆ ಗಾಬರಿಯಲ್ಲಿ ನೆನಪಿಗೆ ಬರೋದು ಮಾತ್ರ ಮಾಡಿ ರೂಢಿಯಾದದ್ದೇ.

ಸುರಕ್ಷತೆ ಅಂದ ತಕ್ಷಣ ಅಧಿಕಾರಿಗಳು ಸಿಸಿ ಕ್ಯಾಮೆರಾ ಅನ್ನುತ್ತಾರೆ. ಹಾಕಲಿ, ಬೇಡ ಅನ್ನಲ್ಲ. ಆದರೆ ನಮ್ಮ ಕಡೆಯ ಕೂಸಿಗೆ ಅಪಾಯ ಎಲ್ಲಿಂದ ಬರುತ್ತದೆ ಅಂತ ನೋಡಿ. ಶೇಂಗಾ. ಪ್ರೀತಿಯಿಂದ ಒಂದು ಹಿಡಿ ಹುರಿದ ಶೇಂಗಾ ಕೊಡುತ್ತಾರೆ, ಐದು ವರ್ಷದೊಳಗಿನ ಮಗುವಿಗೆ ಇಡೀ ಶೇಂಗಾಕಾಳು ಉಸಿರುನಾಳಕ್ಕೆ ಇಳಿದರೆ ತೆಗೆಯೋದು ದೊಡ್ಡಾಸ್ಪತ್ರೆಯ ಕೆಲಸ. ಕುಟ್ಟಿ ಪುಡಿ ಮಾಡಿ ಕೊಡಿ, ಅದು ಒಳ್ಳೆಯ ಆಹಾರ. ನೀರು ತುಂಬಿಟ್ಟ ಬಕೆಟ್. ಅಂಬೆಗಾಲಿಡುವ ಕೂಸು ಅದರೊಳಗೆ ತಲೆ ಕೆಳಗಾಗಿ ಬಿದ್ದರೆ ಸದ್ದೂ ಬರಲ್ಲ. ಮೆಣಸಿನಕಾಯಿ ಬಿಡಿಸಿ ಬಂದವರು ಅದೇ ಕೈಯಲ್ಲಿ ಕೂಸಿನ ಕೆನ್ನೆ ಮುಟ್ಟಿದರೆ ಕಣ್ಣು ಉರಿದು ರಾತ್ರಿಯೆಲ್ಲ ಚೀರುತ್ತದೆ. ಹತ್ತಿಗೆ ಕೀಟನಾಶಕದ ಎಣ್ಣೆ ಹೊಡೆದ ಹೊಲದಿಂದ ಬಂದ ಸೀರೆಯಂತೂ ಇನ್ನೂ ಕೆಟ್ಟದ್ದು. ಬಾಗಿಲಲ್ಲಿ ಒಂದು ನಲ್ಲಿ, ಒಂದು ಸೋಪು, ಕೈ ತೊಳೆಯದೆ ಕೂಸು ಕೊಡಲ್ಲ ಅಂತ ಹೇಳುವ ಗಟ್ಟಿಗಿತ್ತಿ ಒಬ್ಬಳು. ಇಷ್ಟಕ್ಕೆ ಕ್ಯಾಮೆರಾ ಬೇಕಿಲ್ಲ ಅಲ್ವಾ?

ನೀರಿನ ಬಗ್ಗೆ ಬೇರೆಯೇ ಹೇಳಬೇಕು. ರಾಯಚೂರು, ಕೊಪ್ಪಳ ಜಿಲ್ಲೆಗಳ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಹಟ್ಟಿ ಚಿನ್ನದ ಗಣಿಯ ಸುತ್ತಿನ ಕೆಲವು ಹಳ್ಳಿಗಳಲ್ಲಿ ಆರ್ಸೆನಿಕ್ ಕೂಡ ಸಿಕ್ಕಿದೆ. ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡ್ ನೀರು ಕುಡಿದು ಬೆಳೆದ ಮಗುವಿನ ಹಲ್ಲು ಕಂದಾಗುತ್ತದೆ, ಜಾಸ್ತಿಯಿದ್ದರೆ ಮುಂದೆ ಮೂಳೆಯೂ ಕೆಡುತ್ತದೆ. ಕಾಯಿಸಿದರೆ ಸರಿಹೋಗುತ್ತೆ ಅಂತ ಬಹಳ ಜನ ನಂಬಿದ್ದಾರೆ. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ ಅಷ್ಟೇ. ಹಾಗಾಗಿ ಶುದ್ಧ ನೀರಿನ ಘಟಕದ ಕ್ಯಾನ್ ಬೇಕು, ಕ್ಯಾನ್ ತೊಳೆಯೋದೂ ಗೊತ್ತಿರಬೇಕು. 2022ರಲ್ಲಿ ರಾಯಚೂರು ನಗರದಲ್ಲೇ ಕಲುಷಿತ ನೀರು ಕುಡಿದು ಜನ ಸತ್ತಿದ್ದನ್ನು ನಾವು ಮರೆತಿಲ್ಲ. ದೊಡ್ಡವರೇ ತಡೆಯದ ನೀರನ್ನು ಎಂಟು ಕಿಲೋ ತೂಗುವ ಕೂಸು ತಡೆಯುತ್ತದಾ?

ಆರೋಗ್ಯ ಇಲಾಖೆಗೂ ಒಂದು ಮಾತಿದೆ. ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ನೋಡಬೇಕು, 2013ರಿಂದ ಇರುವ ಕಾರ್ಯಕ್ರಮ ಅದು. ಬರುವ ದಿನ ಕೂಸಿನ ಮನೆಗೂ ಕಾಲಿಡಲಿ. ಎರಡೂ ಕಟ್ಟಡದ ನಡುವೆ ಕೂಗಳತೆ ದೂರ ಇರುತ್ತದೆ. ಹಾಗೇ ತೋಳಿನ ಸುತ್ತಳತೆಯ ಪಟ್ಟಿ ಒಂದು ಕೇಂದ್ರದಲ್ಲಿ ಇರಲಿ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳು 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ, ಅಂದರೆ ಪಟ್ಟಿಯಲ್ಲಿ ಕೆಂಪು ಕಂಡರೆ, ಅದು ತೀವ್ರ ಅಪೌಷ್ಟಿಕತೆ, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸುವಂಥದ್ದು. ಹೋದ ತಿಂಗಳು ಹಸಿರಿದ್ದದ್ದು ಈ ತಿಂಗಳು ಹಳದಿಗೆ ಇಳಿಯಿತಾ ಅನ್ನೋದು ಅದಕ್ಕಿಂತ ಮುಖ್ಯ. ಹೋದ ತಿಂಗಳೂ ನೋಡಿದ ಕಣ್ಣಿದ್ದರೆ ತಾನೆ ಅದು ತಿಳಿಯೋದು.

ಸರದಿಯಲ್ಲಿ ಕೊಟ್ಟರೆ ಊರಿನ ಜಾಸ್ತಿ ಹೆಣ್ಣುಮಕ್ಕಳಿಗೆ ಕೆಲಸ ಸಿಗುತ್ತದೆ ಅಂತ ಪಂಚಾಯಿತಿಯವರು ವಾದಿಸುತ್ತಾರೆ. ಮಾತು ತೆಗೆದುಹಾಕುವಂಥದ್ದಲ್ಲ. ಅಡುಗೆ, ಸ್ವಚ್ಛತೆ, ನೀರು ತರೋದು ಸರದಿಯಲ್ಲಿ ಇರಲಿ. ಕೂಸು ಎತ್ತುವವರಲ್ಲಿ ಒಬ್ಬಳಾದರೂ ವರ್ಷಪೂರ್ತಿ ಅವಳೇ ಇರಲಿ. ಅವಳಿಗೆ ಕೆರೆ ಹೂಳಿನ ಲೆಕ್ಕದಲ್ಲಿ ಕೂಲಿ ಕೊಡೋದನ್ನು ಬಿಟ್ಟು ತಿಂಗಳ ಗೌರವಧನ ಕೊಡಿ. 2025-26ಕ್ಕೆ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಆಗಿತ್ತು, ಒಳ್ಳೆಯದೇ. ಆದರೆ ನಮ್ಮೂರಲ್ಲಿ ಆ ದುಡ್ಡು ಖಾತೆಗೆ ಬೀಳುವಷ್ಟರಲ್ಲಿ ನಾಟಿ ಮುಗಿದು ಕಳೆ ಬಂದಿರುತ್ತದೆ. ಹೊಲಕ್ಕೆ ಹೋದರೆ ಸಂಜೆಗೇ ಕೈಗೆ ದುಡ್ಡು. ಮೊದಲಿದ್ದ ಅಕ್ಕ ಈಗ ಅಲ್ಲೇ ಹೋಗುತ್ತಿದ್ದಾಳೆ, ಕೂಸು ನೋಡೋದನ್ನು ಅಷ್ಟು ಚೆನ್ನಾಗಿ ಕಲಿತವಳು.

ಹಣ ಎಲ್ಲಿಂದ ಅಂತ ಕೇಳಬೇಡಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಅಂತ ಘೋಷಣೆ ಆಗುತ್ತಿದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371 ಜೆ ವಿಧಿ ನಮಗೆ ಬಂದಿದ್ದು ಸಿಸಿ ರಸ್ತೆ, ಕಮಾನುಗಳಿಗೆ ಮಾತ್ರವಾ? ನಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಗೆ ನಾನು ಮತ್ತು ಇನ್ನೂ ಕೆಲವು ಅವ್ವಂದಿರು ಅರ್ಜಿ ಬರೆದು ಕೊಟ್ಟಿದ್ದೇವೆ. ಒಬ್ಬ ಅಕ್ಕನನ್ನು ಕಾಯಂ ಇಡಿ, ನಾಟಿ ದಿನಗಳಲ್ಲಿ ಬೆಳಿಗ್ಗೆ ಆರಕ್ಕೇ ಬಾಗಿಲು ತೆಗೆಯಿರಿ, ಬೇಸಿಗೆಗೆ ತಗಡಿನ ಮೇಲೆ ಜೋಳದ ದಂಟು ಹೊದಿಸಿ, ಒಂದು ಥರ್ಮಾಮೀಟರ್ ಕೊಡಿಸಿ. ಈಗಿರುವುದರ ಸೆಲ್ ಹೋಗಿ ಬಹಳ ದಿನ ಆಯ್ತು. ಬೇರೆ ಪಂಚಾಯಿತಿಗಳಲ್ಲೂ ಹೀಗೇ ಇದ್ದರೆ ಅಲ್ಲಿನವರೂ ಈ ಗ್ರಾಮಸಭೆಯಲ್ಲೇ ಕೇಳಲಿ, ಯಾಕೆಂದರೆ ಕಾಲುವೆಗೆ ನೀರು ಬಿಟ್ಟ ಮೇಲೆ ಸಭೆಗೆ ಬರೋಕೆ ಯಾವ ಅವ್ವನಿಗೂ ಪುರುಸೊತ್ತಿರಲ್ಲ.

ಇಂತಿ,
ಒಬ್ಬ ನಿವೃತ್ತ ಎಎನ್‌ಎಂ
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ